ಹತ್ತೊಂಬತ್ತು ಮೆಟ್ಟಿಲಿನ ಮಾವ

ಜನವರಿ 7, ಮಂಗಳವಾರ

ನಗರಸಭೆಯವರು ಹೊಸ ವರ್ಷಕ್ಕೆ ಸದಸ್ಯರಿಗೆಲ್ಲ ಡೈರಿ ಹಂಚಿದ್ದಾರೆ. ಅಕ್ಕನ ಮಗಳಿಗೆ ಅದು ಹೇಗೋ ಎರಡು ಬಂತು. ಒಂದನ್ನು ನನ್ನ ಕಡೆ ತಳ್ಳಿ, "ಮಾವ, ನಗರಸಭೆ ಬೆಂಚಿನ ಮೇಲೆ ಕೂತು, ಹೋಗೋರು ಬರೋರಿಗೆಲ್ಲ ಕಥೆ ಹೊಡೆಯೋ ಬದಲು ಇದರಲ್ಲಿ ಹೊಡಿ" ಅಂದಳು. ದಪ್ಪ ರಟ್ಟಿನ ಒಳ್ಳೆಯ ಡೈರಿ. ಪ್ರತಿ ಪುಟದ ಕೆಳಗೂ ಒಂದೊಂದು ಬುದ್ಧಿಮಾತು ಅಚ್ಚು ಹಾಕಿದ್ದಾರೆ. ಅದಕ್ಕೆ ಮೊದಲು ಅಡ್ಡಗೀಟು ಎಳೆದು ಆಮೇಲೆ ಬರೆಯಲು ಶುರು ಮಾಡಿದೆ. ನನ್ನ ಪುಟಕ್ಕೆ ನನ್ನ ಬುದ್ಧಿ ಸಾಕು.

ಬರೆಯೋದು ನನಗೇನು ಹೊಸದಲ್ಲ. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಹಳ್ಳಿಗೇ ಮೊದಲು ಬಂದವನು ನಾನು. ಆ ವರ್ಷ ಪರೀಕ್ಷೆಗೆ ಇದ್ದವರೇ ಇಬ್ಬರು, ಇನ್ನೊಬ್ಬ ದಡಾರ ಬಂದು ಮಲಗಿದ್ದ ಅನ್ನೋದನ್ನು ಇಲ್ಲಿ ಯಾಕೆ ಬರೆಯಬೇಕು? ಬರೆದಾಯಿತಲ್ಲ, ಹೋಗಲಿ.

ಉದ್ಯೋಗ ಏನು ಅಂತ ಯಾರಾದರೂ ಕೇಳಿದರೆ 'ಲಿಫ್ಟು' ಅನ್ನುತ್ತೇನೆ. ಅಕ್ಕನ ಮಗಳಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತವು. ಅವತ್ತಿನಿಂದ ಅವಳು ನನ್ನ ತೋಳಿನ ಮೇಲೆ. ಹಗುರ ಇದ್ದಳು ಅಂತ ಗುಬ್ಬಿ ಅಂತ ಕರೆದೆ, ಅದೇ ಉಳಿಯಿತು. ಶಾಲೆಗೆ ಎತ್ತಿಕೊಂಡು ಹೋದೆ, ಕಾಲೇಜಿಗೆ ಎತ್ತಿಕೊಂಡು ಹೋದೆ, ಟೆಲಿಫೋನ್ ಕಚೇರಿಯ ಕೆಲಸಕ್ಕೆ ಎತ್ತಿಕೊಂಡು ಹೋದೆ. ಅಲ್ಲಿ ಕಿವಿ ಕೇಳದ ಒಬ್ಬ ಹುಡುಗಿಯನ್ನು ಕೆಲಸದಿಂದ ತೆಗೆದರು ಅಂತ ಇವಳು ಗೇಟಿನ ಮುಂದೆ ಹನ್ನೊಂದು ದಿನ ಧರಣಿ ಕೂತಳು. "ಕೂರೋದು ಅವಳಿಗೆ ಅಭ್ಯಾಸ, ಏಳಿಸೋದು ನಿಮಗೇ ಕಷ್ಟ" ಅಂತ ನಾನು ಪೊಲೀಸಿನವನಿಗೆ ಹೇಳಿದ್ದೆ. ಹನ್ನೆರಡನೇ ದಿನ ಆ ಹುಡುಗಿಗೆ ಕೆಲಸ ವಾಪಸ್ ಸಿಕ್ಕಿತು. ಅಲ್ಲಿಂದ ಅಂಗವಿಕಲರ ಸಂಘ, ಮೆರವಣಿಗೆ, ಕೊನೆಗೆ ನಗರಸಭೆಯ ಚುನಾವಣೆ. ಇನ್ನೂರ ಹನ್ನೊಂದು ಓಟಿನಿಂದ ಗೆದ್ದಳು. ಅದರಲ್ಲಿ ಇನ್ನೂರು ನಾನು ಬೀದಿ ಬೀದಿಯಲ್ಲಿ ಮಾತಾಡಿ ತಂದದ್ದು. ಹನ್ನೊಂದನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ.

ಈಗ ಗುಬ್ಬಿಗೆ ಮೂವತ್ತೊಂಬತ್ತು. ನನಗೆ ಅರವತ್ತೊಂದು, ಕೇಳಿದವರಿಗೆ ಐವತ್ತೈದು.

ನಗರಸಭೆಯ ಕಟ್ಟಡಕ್ಕೆ ಹೊರಗಿನಿಂದ ಹತ್ತೊಂಬತ್ತು ಮೆಟ್ಟಿಲು. ಹತ್ತು ಹತ್ತಿದರೆ ಒಂದು ಕಟ್ಟೆ, ಆಮೇಲೆ ಒಂಬತ್ತು. ತಿಂಗಳಿಗೆ ಎರಡು ಮಂಗಳವಾರ ಸಭೆ. ಎಡಗೈ ಅವಳ ಮೊಣಕಾಲಿನ ಕೆಳಗೆ, ಬಲಗೈ ಬೆನ್ನಿಗೆ, ಉಸಿರು ಬಿಗಿ ಹಿಡಿದು ಒಂದೇ ಏಟಿಗೆ ಎದ್ದು ನಿಲ್ಲಬೇಕು. ಹಿಂದಿನಿಂದ ಜವಾನ ಗಾಲಿಕುರ್ಚಿ ಹೊತ್ತು ತರುತ್ತಾನೆ. ಒಮ್ಮೆ ನಾಲ್ವರು ಜವಾನರು ಸೇರಿ ಕುರ್ಚಿ ಸಮೇತ ಹೊರಲು ಹೋಗಿ ಅವಳನ್ನು ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಅಲ್ಲಾಡಿಸಿಬಿಟ್ಟರು. ಅಲ್ಲಿಂದ ನಾನೇ.

ಕಟ್ಟೆಯ ಮೇಲೆ ಯಾವುದೋ ಕಾಲದ ಅಧ್ಯಕ್ಷರ ಪ್ರತಿಮೆ ಇದೆ, ಮೂಗು ಮುರಿದಿದೆ. ಅಲ್ಲಿ ನಿಂತು ಆ ಮೂಗಿನ ಬಗ್ಗೆ ಒಂದು ಕಥೆ ಹೇಳಿ ಗುಬ್ಬಿಯನ್ನು ನಗಿಸಿ ಮುಂದೆ ಹೋಗೋದು ನನ್ನ ಪದ್ಧತಿ. ಇವತ್ತಿನದು, ಅವರು ಕಡತದೊಳಗೆ ಮೂಗು ತೂರಿಸಿದಾಗ ಗುಮಾಸ್ತ ಕಡತ ಮುಚ್ಚಿಬಿಟ್ಟ ಅಂತ. ನಕ್ಕಳು.

ಅವಳ ಠರಾವು ಇವತ್ತೂ ಮುಂದಿನ ಸಭೆಗೆ ಹೋಯಿತು. ಜನ ಬಂದು ಹೋಗುವ ಕಟ್ಟಡಕ್ಕೆಲ್ಲ, ಅಂದರೆ ನಗರಸಭೆ, ಆಸ್ಪತ್ರೆ, ಶಾಲೆಗಳು, ಬಸ್ ನಿಲ್ದಾಣ, ಎಲ್ಲದಕ್ಕೂ ಗಾಲಿಕುರ್ಚಿ ಉರುಳುವಂಥ ರ‍್ಯಾಂಪು ಕಟ್ಟಿಸಬೇಕು ಅನ್ನೋದು ಠರಾವು. ನಾಲ್ಕು ವರ್ಷದಿಂದ 'ಮುಂದಿನ ಸಭೆ' ಬರುತ್ತಲೇ ಇದೆ, ಅದರ ಮುಖ ನಾನಿನ್ನೂ ನೋಡಿಲ್ಲ. ಮಾರ್ಚ್ ಕೊನೆಗೆ ಈ ನಗರಸಭೆಯ ಅವಧಿಯೇ ಮುಗಿಯುತ್ತದೆ. ಅಷ್ಟರಲ್ಲಿ ಪಾಸಾದರೆ ಆಯಿತು, ಇಲ್ಲದಿದ್ದರೆ ಎಲ್ಲ ಕಸದ ಬುಟ್ಟಿಗೆ. ನನಗೇನೋ ಈ ರ‍್ಯಾಂಪಿನ ಹುಚ್ಚು ಅರ್ಥವಾಗುವುದಿಲ್ಲ. ತೋಳಿರುವಾಗ ಸಿಮೆಂಟು ಯಾಕೆ?

ಜನವರಿ 21, ಮಂಗಳವಾರ

ಬೆಳಿಗ್ಗೆ ಎಂದಿನಂತೆ ಮನೆಯ ಹಜಾರ ತುಂಬಿತ್ತು. ಇದಕ್ಕೆ ನಾನು ಇಟ್ಟ ಹೆಸರು ಗುಬ್ಬಿ ಆಸ್ಥಾನ. ಕಣ್ಣು ಕಾಣದ ದರ್ಜಿ, ಊರುಗೋಲಿನ ಗಡಿಯಾರದವನು, ಎಲ್ಲರಿಗೂ ಒಂದೊಂದು ಅರ್ಜಿ. ಇವತ್ತು ಇಸ್ತ್ರಿ ಅಂಗಡಿಯಾಕೆ ಬಂದಿದ್ದಳು, ಮಗಳನ್ನು ಬೆನ್ನ ಮೇಲೆ ಹೊತ್ತು. ಮಗಳಿಗೆ ಇಪ್ಪತ್ತು ವರ್ಷ. ತಾಯಿಯ ಬೆನ್ನು ಆಗಲೇ ಬಿಲ್ಲಿನ ಹಾಗೆ ಬಾಗಿದೆ. ಆಸ್ಪತ್ರೆಗೆ ಹನ್ನೊಂದು ಮೆಟ್ಟಿಲಂತೆ, ಹತ್ತಿಸೋಕೆ ಆಗುತ್ತಿಲ್ಲವಂತೆ.

ಗುಬ್ಬಿ ಬರೆದುಕೊಳ್ಳುತ್ತಿದ್ದಾಗ ಆಕೆ ನನ್ನ ಕಡೆ ತಿರುಗಿ, "ಅಣ್ಣಾ, ನೀವು ಹೆಂಗೆ ಎತ್ತುತೀರಿ? ನಂಗೂ ಹೇಳಿಕೊಡಿ" ಅಂದಳು. ಬಿಡುತ್ತೇನೆಯೇ! ಅರ್ಧ ಗಂಟೆ ಪಾಠ ಮಾಡಿದೆ. ಬೆನ್ನ ಮೇಲೆ ಹೊರಬಾರದು, ಎದೆಗೆ ಒತ್ತಿ ಹಿಡಿಯಬೇಕು, ಬಲಗಾಲು ಮೊದಲು ಇಡಬೇಕು. ಹೊಸ ವಿದ್ಯಾರ್ಥಿನಿಯ ಹಾಗೆ ಶ್ರದ್ಧೆಯಿಂದ ಕೇಳಿದಳು. ಗುಬ್ಬಿ ಮಾತ್ರ ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೆಮ್ಮೆ ಇರಬೇಕು.

ಸಭೆಗೆ ಹತ್ತುವಾಗ ಹದಿಮೂರನೇ ಮೆಟ್ಟಿಲಲ್ಲಿ ಯಾರೋ ನೀರು ಹಾಕಿ ತೊಳೆದಿದ್ದರು. ಎಡಗಾಲು ಸ್ವಲ್ಪ ಜಾರಿತು. ಏನೂ ಆಗಲಿಲ್ಲ. ಕಸ ಗುಡಿಸುವವನಿಗೆ ಚೆನ್ನಾಗಿ ಬೈದೆ. "ನಾನು ಎರಡು ದಿನದಿಂದ ನೀರೇ ಮುಟ್ಟಿಲ್ಲ ಯಜಮಾನ್ರೇ" ಅಂದ. ಸುಳ್ಳು ಹೇಳೋದರಲ್ಲಿ ನನ್ನನ್ನು ಮೀರಿಸಿದ.

ಠರಾವು ಮುಂದಿನ ಸಭೆಗೆ.

ಫೆಬ್ರವರಿ 4, ಮಂಗಳವಾರ

ಇವತ್ತು ಪತ್ರಿಕೆಯಾಕೆ ಬಂದಿದ್ದಳು, ಕ್ಯಾಮೆರಾ ಸಮೇತ. ಬಂದದ್ದು ಗುಬ್ಬಿಯ ಠರಾವಿನ ಬಗ್ಗೆ ಬರೆಯೋಕೆ. ಗುಬ್ಬಿ ಒಳಗೆ ಸಭೆಯಲ್ಲಿದ್ದಳು, ಸಿಕ್ಕಿದ್ದು ನಾನು.

"ಸರ್, ಇಷ್ಟು ವರ್ಷ ಎತ್ತಿಕೊಂಡು ಓಡಾಡಿದ್ದೀರಿ, ಕಷ್ಟ ಆಗಲ್ವಾ?" ಅಂದಳು.

ನನ್ನನ್ನು ಇದುವರೆಗೆ ಯಾರೂ ಸರ್ ಅಂದಿರಲಿಲ್ಲ. "ಕಷ್ಟ ಅಂದರೇನು ಮೇಡಂ? ಆ ಪದ ನಮ್ಮ ಹಳ್ಳಿ ಶಾಲೆಯಲ್ಲಿ ಕಲಿಸಲೇ ಇಲ್ಲ" ಅಂದೆ. ಆಕೆ ನಕ್ಕಳು. ನಕ್ಕವರ ಮುಂದೆ ನನ್ನ ಬಾಯಿ ನಿಲ್ಲುವುದಿಲ್ಲ. "ಬರೆದುಕೊಳ್ಳಿ. ನಾನು ಬದುಕಿರೋವರೆಗೂ ನಮ್ಮ ಗುಬ್ಬಿಗೆ ಯಾವ ರ‍್ಯಾಂಪೂ ಬೇಡ. ನನ್ನ ತೋಳೇ ರ‍್ಯಾಂಪು." ವಯಸ್ಸು ಐವತ್ತೈದು ಅಂತಲೂ ಬರೆಸಿದೆ. ಸಭೆ ಮುಗಿದ ಮೇಲೆ ಇಳಿಸುವಾಗ ಫೋಟೋ ತೆಗೆದಳು. ಕಟ್ಟೆಯ ಮೇಲೆ ಪ್ರತಿಮೆಯ ಪಕ್ಕ ನಿಂತು ಎದೆ ಉಬ್ಬಿಸಿದೆ. ಗುಬ್ಬಿ ಫೋಟೋದವಳ ಕಡೆ ನೋಡಲಿಲ್ಲ.

ಇವತ್ತಿನ ಕಥೆ ಸ್ವಲ್ಪ ಉದ್ದ ಆಯಿತು. ಪ್ರತಿಮೆಯವರ ಮೂಗಿಗೆ ಮದುವೆ ಮಾತುಕತೆ ನಡೆದದ್ದು, ಹೆಣ್ಣಿನ ಕಡೆಯವರು ಒಪ್ಪದ್ದು, ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಜವಾನ ಕುರ್ಚಿ ಕೆಳಗಿಟ್ಟು ಬೀಡಿ ಹಚ್ಚಿದ್ದ.

ಫೆಬ್ರವರಿ 9, ಭಾನುವಾರ

ಬಂದಿದೆ! ಮೂರನೇ ಪುಟದಲ್ಲಿ, ಅಂಗೈ ಅಗಲದ ಫೋಟೋ. ತಲೆಬರಹ: 'ನನ್ನ ತೋಳೇ ರ‍್ಯಾಂಪು'. ಕ್ಷೌರದಂಗಡಿಯಲ್ಲಿ ಗೋಡೆಗೆ ಅಂಟಿಸಿದ್ದಾರೆ. ಹಾಲಿನವನು ಕೈ ಕುಲುಕಿದ. ಐದು ಪ್ರತಿ ತಂದೆ, ಒಂದನ್ನು ಕತ್ತರಿಸಿ ಈ ಪುಟಕ್ಕೆ ಅಂಟಿಸಿದ್ದೇನೆ. ಬುದ್ಧಿಮಾತೂ ಮುಚ್ಚಿಹೋಯಿತು, ಒಂದು ಗೀಟು ಉಳಿಯಿತು.

ಅಕ್ಕ ಓದಿ, "ನಿನ್ನ ಬಾಯಿಗೆ ಮೊಣಕಾಲಿಲ್ಲ ಕಣೋ, ಅದಕ್ಕೇ ಅದು ಸವೆಯಲ್ಲ" ಅಂದಳು. ಅಕ್ಕನಿಗೆ ಹೊಟ್ಟೆಕಿಚ್ಚು.

ಗುಬ್ಬಿ ಎರಡು ಸಲ ಓದಿದಳು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಚಿದಳು. "ಫೋಟೋ ಚೆನ್ನಾಗಿ ಬಂದಿದೆ ಮಾವ" ಅಂದಳು. ಅಷ್ಟೇ. ದೊಡ್ಡವರ ಹೊಗಳಿಕೆ ಹಾಗೇ, ಒಂದೇ ಸಾಲು.

ಫೆಬ್ರವರಿ 18, ಮಂಗಳವಾರ

ಬರೆಯಬೇಕೋ ಬೇಡವೋ ಅಂತ ಬಹಳ ಹೊತ್ತು ಪೆನ್ನು ಹಿಡಿದು ಕೂತೆ.

ಠರಾವು ಇವತ್ತು ನಿಜವಾಗಿಯೂ ಚರ್ಚೆಗೆ ಬಂತು. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಕೇಳಿದೆ. ಗುಬ್ಬಿ ಹದಿನೈದು ನಿಮಿಷ ಮಾತಾಡಿದಳು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ರ‍್ಯಾಂಪು ಬೇಕು, ಹತ್ತೊಂಬತ್ತು ಮೆಟ್ಟಿಲಿಗೆ ನೂರ ಹದಿನಾಲ್ಕು ಅಡಿ ಅಂತ ಲೆಕ್ಕ ಕೊಟ್ಟಳು. ಆಸ್ಪತ್ರೆಯ ಮೆಟ್ಟಿಲಿಂದ ವಾಪಸ್ ಹೋದವರ ಪಟ್ಟಿ ಓದಿದಳು. ನಾಲ್ಕೈದು ಜನ ತಲೆ ಅಲ್ಲಾಡಿಸಿದರು. ಈ ಸಲ ಆಗೇಹೋಯಿತು ಅಂದುಕೊಂಡೆ.

ಆಗ ಎದ್ದರು ಎದುರು ಸಾಲಿನ ಮುಖಂಡರು. ಇವರಿಗೆ ಜೇನುಬಾಯಿ ಅಂತ ನಾನೇ ಹೆಸರಿಟ್ಟಿದ್ದೇನೆ. ಬೈದರೂ ಬೈಸಿಕೊಂಡವನಿಗೆ ಸಂತೋಷವಾಗುವ ಹಾಗೆ ಮಾತಾಡುತ್ತಾರೆ. ಜೇಬಿನಿಂದ ಏನೋ ತೆಗೆದರು. ನನ್ನ ಪತ್ರಿಕೆ.

"ಮಾನ್ಯ ಅಧ್ಯಕ್ಷರೇ, ಸೋದರಿಯ ಕಾಳಜಿಗೆ ನಾನು ತಲೆ ಬಾಗುತ್ತೇನೆ. ಆದರೆ ಇವರ ಮನೆಯವರೇ ಏನು ಹೇಳಿದ್ದಾರೆ, ಕೇಳಿ. 'ನಾನು ಬದುಕಿರೋವರೆಗೂ ಯಾವ ರ‍್ಯಾಂಪೂ ಬೇಡ. ನನ್ನ ತೋಳೇ ರ‍್ಯಾಂಪು.' ಕೇಳಿದಿರಾ? ಸಿಮೆಂಟು ಬಿರುಕು ಬಿಡುತ್ತದೆ ಅಧ್ಯಕ್ಷರೇ, ಪ್ರೀತಿ ಬಿರುಕು ಬಿಡುವುದಿಲ್ಲ. ಇಂಥ ಮಾವಂದಿರಿರುವ ಊರಿಗೆ ನೂರ ಹದಿನಾಲ್ಕು ಅಡಿ ಕಾಂಕ್ರೀಟು ಯಾಕೆ?"

ಮೇಜು ಗುದ್ದಿ ಚಪ್ಪಾಳೆ ಹೊಡೆದರು. ಗುಬ್ಬಿ ಎರಡೂ ಕೈಯಲ್ಲಿ ಚಕ್ರ ಹಿಡಿದು, "ಮಾವ ಇಲ್ಲದವರು ಏನು ಮಾಡಬೇಕು?" ಅಂದಳು.

"ಅವರಿಗೂ ಇಂಥ ಮಾವ ಸಿಗಲಿ ಅಂತ ನಾವೆಲ್ಲ ಹಾರೈಸೋಣ" ಅಂದರು ಜೇನುಬಾಯಿ. ಸಭೆಗೆ ಸಭೆಯೇ ನಕ್ಕಿತು. ಕೆಲವರು ಹಿಂದೆ ತಿರುಗಿ ನನಗೆ ಕೈ ಮುಗಿದರು. ನಾನೂ ಮುಗಿದೆ. ಕೈ ತಾನಾಗಿ ಹೋಯಿತು.

ತೀರ್ಮಾನ: ಠರಾವು ಮಾರ್ಚ್ 18ರ ಕೊನೆಯ ಸಭೆಗೆ. ಅದೇ ದಿನ ನನಗೆ ನಗರಸಭೆಯಿಂದ ಸನ್ಮಾನ, ಹಿತ್ತಾಳೆಯ ಫಲಕ. ಸೂಚಿಸಿದವರು ಜೇನುಬಾಯಿ. ಸರ್ವಾನುಮತ. ನಾಲ್ಕು ವರ್ಷದಲ್ಲಿ ನಮ್ಮ ಮನೆಯ ವಿಷಯ ಒಂದೇ ಸಭೆಯಲ್ಲಿ ಪಾಸಾದದ್ದು ಇದೊಂದೇ.

ಇಳಿಸುವಾಗ ಕಟ್ಟೆಯ ಮೇಲೆ ಕಥೆ ಶುರು ಮಾಡಿದೆ. "ಇವತ್ತು ಬೇಡ ಮಾವ" ಅಂದಳು. ಸುಮ್ಮನೆ ನಿಂತೆ. ಸುಮ್ಮನೆ ನಿಂತರೆ ಉಸಿರಿನ ಸದ್ದು ಎಷ್ಟು ಜೋರಾಗಿ ಕೇಳಿಸುತ್ತದೆ.

ಫೆಬ್ರವರಿ 19, ಬುಧವಾರ

ತಪ್ಪು ಪತ್ರಿಕೆಯಾಕೆಯದು. ತಮಾಷೆಗೆ ಹೇಳಿದ್ದನ್ನು ಅಚ್ಚು ಹಾಕಬಾರದು.

ಫೆಬ್ರವರಿ 22, ಶನಿವಾರ

ಅಕ್ಕ ಬಿಸಿನೀರಿನ ಚೀಲ ತಂದು ಏನೂ ಕೇಳದೆ ನನ್ನ ಎಡ ಮೊಣಕಾಲಿನ ಮೇಲಿಟ್ಟಳು. "ಎಷ್ಟು ದಿನದಿಂದ?" ಅಂದಳು. "ಇದೇನು ಹೊಸ ಸೇವೆ?" ಅಂದೆ. "ಬೊಗಳಬೇಡ. ಮಂಚ ಹಿಡಿದು ಏಳೋದನ್ನು ಆರು ತಿಂಗಳಿಂದ ನೋಡ್ತಿದ್ದೀನಿ." ಗುಬ್ಬಿಗೆ ಹೇಳಬೇಡ ಅಂದೆ. "ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಮೂವತ್ತೇಳು ವರ್ಷದಿಂದ ನಿನ್ನ ಎದೆ ಮೇಲೇ ಕಿವಿ ಇಟ್ಟಿದ್ದಾಳೆ" ಅಂದು ಒಳಗೆ ಹೋದಳು.

ಚೀಲ ಬಿಸಿ ಜಾಸ್ತಿ ಆಗಿತ್ತು. ಆದರೂ ತೆಗೆಯಲಿಲ್ಲ.

ಮಾರ್ಚ್ 4, ಮಂಗಳವಾರ

ಹತ್ತೊಂಬತ್ತು. ಕಟ್ಟೆಯ ಮೇಲೆ ಕಥೆ ಇಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಗುಬ್ಬಿ ಕಿಟಕಿ ಕಡೆ ನೋಡುತ್ತಾ ಹೇಳಿದಳು, "ಮಾವ, ಬೇಜಾರು ಮಾಡ್ಕೋಬೇಡ. ಪ್ರತಿ ಸಲ ಆ ಬಾಗಿಲಲ್ಲಿ ನಾನು ಮಗುವಾಗಿ ಒಳಗೆ ಹೋಗ್ತೀನಿ. ಎಲ್ಲ ನೋಡ್ತಾರೆ. ಸೆರಗು ಸರಿ ಮಾಡ್ಕೊಂಡು, ಕುರ್ಚಿಯಲ್ಲಿ ಕೂತು, ಮತ್ತೆ ದೊಡ್ಡವಳಾಗೋಕೆ ಐದು ನಿಮಿಷ ಬೇಕು. ಅಷ್ಟರಲ್ಲಿ ಅವರು ಎರಡು ವಿಷಯ ಪಾಸು ಮಾಡಿರ್ತಾರೆ."

ಹಾರ್ನ್ ಹೊಡೆದೆ. ಮುಂದೆ ಯಾರೂ ಇರಲಿಲ್ಲ.

"ಇನ್ನೊಂದು. ಮೊದಮೊದಲು ಕಟ್ಟೆ ಮೇಲೆ ನೀನು ನಿಲ್ತಾನೇ ಇರಲಿಲ್ಲ. ಆಮೇಲೆ ಒಂದು ಮಾತು ಹೇಳ್ತಿದ್ದೆ. ಈಗ ಕಥೆ ನಾಲ್ಕು ನಿಮಿಷ ಆಗುತ್ತೆ."

ಅವಳು ಗಡಿಯಾರ ನೋಡುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. "ಕಲೆ ಬೆಳೀತಾ ಹೋಗುತ್ತೆ ಗುಬ್ಬಿ" ಅಂದೆ. ಅವಳು ನಗಲಿಲ್ಲ. ಅತ್ತಳೋ ಏನೋ, ಕನ್ನಡಿಯಲ್ಲಿ ಸರಿಯಾಗಿ ಕಾಣಲಿಲ್ಲ.

ಮಾರ್ಚ್ 12, ಬುಧವಾರ

ಎರಡು ಸುದ್ದಿ. ಎರಡೂ ಕೆಟ್ಟವು.

ಒಂದು, ಪಕ್ಷದವರು ಮುಂದಿನ ಚುನಾವಣೆಗೆ ಗುಬ್ಬಿಗೆ ಟಿಕೆಟ್ ಇಲ್ಲ ಅಂದಿದ್ದಾರೆ. 'ಆರೋಗ್ಯದ ದೃಷ್ಟಿಯಿಂದ ವಿಶ್ರಾಂತಿ' ಅಂತ ಪತ್ರ. ಅವಳ ಆರೋಗ್ಯಕ್ಕೆ ಏನಾಗಿದೆ? ನೆಗಡಿ ಬಂದೇ ಮೂರು ವರ್ಷವಾಯಿತು. ಅವಳು ಪತ್ರ ಓದಿ ಫೈಲಿಗೆ ಸೇರಿಸಿ, "ಹಾಗಾದರೆ ಹದಿನೆಂಟೇ ಕೊನೆ" ಅಂದಳು. ಅಕ್ಕ ತಟ್ಟೆ ತೊಳೆಯುತ್ತಾ ಒಂದೇ ತಟ್ಟೆಯನ್ನು ಮೂರು ಸಲ ತೊಳೆದಳು.

ಇನ್ನೊಂದು, ಇಸ್ತ್ರಿ ಅಂಗಡಿ ಎಂಟು ದಿನದಿಂದ ಮುಚ್ಚಿದೆ. ವಿಚಾರಿಸಲು ಹೋದೆ. ಆಕೆ ಮಗಳನ್ನು ಎದೆಗೊತ್ತಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಆರನೆಯದರಲ್ಲಿ ಬಿದ್ದಿದ್ದಾಳೆ. ಮಗಳಿಗೆ ಏನೂ ಆಗಿಲ್ಲ, ಕೆಳಗೆ ಸಿಕ್ಕಿಕೊಂಡದ್ದು ತಾಯಿ. ಸೊಂಟದ ಮೂಳೆ. ಮಂಚದ ಮೇಲೆ ತಾಯಿ, ಚಾಪೆಯ ಮೇಲೆ ಮಗಳು, ನಡುವೆ ಪಕ್ಕದ ಮನೆಯವರು ತಂದಿಟ್ಟ ಊಟ. ನನ್ನನ್ನು ನೋಡಿ ಆಕೆಯೇ ಸಂಕೋಚಪಟ್ಟಳು. "ನೀವು ಹೇಳಿಕೊಟ್ಟ ಹಾಗೇ ಎತ್ತಿದ್ದೆ ಅಣ್ಣಾ. ನನಗೇ ಸರಿಯಾಗಿ ಬರಲಿಲ್ಲ."

ನನ್ನ ಪಾಠ ಸರಿಯಾಗೇ ಇತ್ತು. ಆಕೆ ಎಡಗಾಲು ಮೊದಲು ಇಟ್ಟಿರಬೇಕು.

ಬರುವಾಗ ಆಸ್ಪತ್ರೆಗೆ ಹೋಗಿ ಮೆಟ್ಟಿಲು ಎಣಿಸಿದೆ. ಹನ್ನೊಂದು. ಮತ್ತೊಮ್ಮೆ ಎಣಿಸಿದೆ. ಗೇಣು ಹಾಕಿ ಎತ್ತರ ಅಳೆದೆ. ಆರನೆಯ ಮೆಟ್ಟಿಲು ಉಳಿದವಕ್ಕಿಂತ ಎರಡು ಬೆರಳು ಎತ್ತರ ಇದೆ. ಕಟ್ಟಿದವನಿಗೆ ಎಷ್ಟು ಸುಲಭದ ಮರೆವು! ಬಲಗಾಲಾದರೇನು, ಎಡಗಾಲಾದರೇನು.

ಮಾರ್ಚ್ 17, ಸೋಮವಾರ

ನಾಳೆ ಸನ್ಮಾನ. ಹೊಸ ಅಂಗಿ ಇಸ್ತ್ರಿಗೆ ಕೊಡಲು ಹೊರಟು, ಅಂಗಡಿ ಮುಚ್ಚಿದೆ ಅನ್ನೋದು ಬೀದಿ ತಿರುಗಿದ ಮೇಲೆ ನೆನಪಾಯಿತು. ಅಕ್ಕ ಮಡಚಿ ಹಾಸಿಗೆ ಕೆಳಗೆ ಇಟ್ಟಿದ್ದಾಳೆ. ಭಾಷಣ ಬರೆದೆ, ಎರಡು ಪುಟ. ಹಳ್ಳಿ ಶಾಲೆ, ತೋಳಿನ ಬಲ, ಎಲ್ಲ ಬಂದಿದೆ. ಓದಿಕೊಂಡೆ. ಚೆನ್ನಾಗಿದೆ. ಮತ್ತೆ ಓದಲಿಲ್ಲ.

ವಿಷಯಪಟ್ಟಿ ಬಂದಿದೆ. ಒಂದನೆಯದು ನಾನು. ಠರಾವು ಒಂಬತ್ತನೆಯದು, ಊಟದ ಹೊತ್ತಿಗೆ. "ಅಲ್ಲಿಗೆ ಬರೋದರೊಳಗೆ ಎಲ್ಲ ಎದ್ದು ಹೋಗಿರ್ತಾರೆ" ಅಂದಳು ಗುಬ್ಬಿ, ಬೇರೆ ಯಾರದೋ ಠರಾವಿನ ಬಗ್ಗೆ ಹೇಳುವವಳ ಹಾಗೆ.

ಮಾರ್ಚ್ 18, ಮಂಗಳವಾರ

ಎಲ್ಲ ಕ್ರಮವಾಗಿ ಬರೆಯುತ್ತೇನೆ.

ಹತ್ತೂವರೆಗೆ ಕಾರು ನಿಲ್ಲಿಸಿದೆ. ಗುಬ್ಬಿ ಸೀಟಿನಿಂದ ಗಾಲಿಕುರ್ಚಿಗೆ ಜರುಗಿ ಮೆಟ್ಟಿಲ ಬುಡಕ್ಕೆ ಬಂದಳು. ಕೆಳಗೆ ಪತ್ರಿಕೆಯಾಕೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದಳು. ಮೇಲೆ ಬಾಗಿಲಲ್ಲಿ ಜೇನುಬಾಯಿ, ಬಂಗಾರದ ಕಾಗದ ಸುತ್ತಿದ ಫಲಕ ಹಿಡಿದು, ಬೀಗರನ್ನು ಎದುರುಗೊಳ್ಳುವವರ ಹಾಗೆ ನಿಂತಿದ್ದರು.

ಎಡಗೈಯನ್ನು ಗುಬ್ಬಿಯ ಮೊಣಕಾಲಿನ ಕೆಳಗೆ ಹಾಕಿದೆ. ಬಲಗೈ ಬೆನ್ನಿಗೆ. ಉಸಿರು ಹಿಡಿದೆ. ಎತ್ತಲಿಲ್ಲ.

"ಏನಾಯ್ತು ಮಾವ?"

"ಏನಿಲ್ಲ. ನನ್ನ ಕೈಲಿ ಆಗಲ್ಲ."

ಕೈ ತೆಗೆದು ಮೊದಲನೆಯ ಮೆಟ್ಟಿಲ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಕೂತದ್ದು ಅದೇ ಮೊದಲು. ಕಲ್ಲು ತಣ್ಣಗಿತ್ತು.

"ಮಾವನವರೇ, ಬನ್ನಿ ಬನ್ನಿ! ಸಭೆ ಕಾಯ್ತಿದೆ" ಅಂತ ಮೇಲಿಂದ ಜೇನುಬಾಯಿ.

"ಆಗಲ್ಲ ಸ್ವಾಮಿ. ಮೊಣಕಾಲು ಹೋಗಿದೆ" ಅಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿ ಹೇಳಬೇಕಾಯಿತು. ಒಂದು ಸಲ ಹೇಳೋದೇ ಸಾಕಾಗಿತ್ತು ನನಗೆ. ಎದುರು ಬೀದಿಯ ಹಣ್ಣಿನಂಗಡಿಯವನೂ ಎದ್ದು ನಿಂತು ನೋಡಿದ.

ಜವಾನರು ನಾಲ್ವರು ಓಡಿ ಬಂದು ಕುರ್ಚಿಗೆ ಕೈ ಹಾಕಿದರು. ಗುಬ್ಬಿ, "ನನ್ನನ್ನು ಯಾರೂ ಮುಟ್ಟಬಾರದು" ಅಂದಳು. ಜೋರಾಗೇನೂ ಅಲ್ಲ. ನಾಲ್ವರೂ ಕೈ ತೆಗೆದರು. ಆಮೇಲೆ ಮೇಲೆ ನೋಡಿ, "ಸನ್ಮಾನ ಮಾವನದು. ಅವರು ಹತ್ತೋಕಾಗಲ್ಲ. ಕೊಡೋರು ನೀವು, ನೀವೇ ಇಳೀಬೇಕು" ಅಂದಳು.

ಕ್ಯಾಮೆರಾ ಕೆಳಗಿತ್ತು. ಜೇನುಬಾಯಿ ಇಳಿದರು. ಅವರು ಇಳಿದ ಮೇಲೆ ಅವರ ಕಡೆಯವರು ಇಳಿದರು, ಅವರು ಇಳಿದರಲ್ಲ ಅಂತ ಗುಬ್ಬಿಯ ಕಡೆಯವರು ಇಳಿದರು. ಕೊನೆಗೆ ಅಧ್ಯಕ್ಷರು. ಭಾರಿ ದೇಹದವರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಕಟ್ಟೆಯ ಮೇಲೆ ನಿಂತುಬಿಟ್ಟರು. ಮೂಗಿಲ್ಲದ ಪ್ರತಿಮೆಯನ್ನು ಇವತ್ತೇ ಮೊದಲು ಕಂಡವರ ಹಾಗೆ ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಗೊತ್ತು.

ಅವರೂ ಕೆಳಗೆ ಬಂದ ಮೇಲೆ ಫಲಕ ಕೊಟ್ಟರು. ಚಪ್ಪಾಳೆ. ಪತ್ರಿಕೆಯಾಕೆ, "ಎರಡು ಮಾತು ಸರ್" ಅಂದಳು. ಜೇಬಿನಲ್ಲಿ ಎರಡು ಪುಟದ ಭಾಷಣ ಇತ್ತು. ಕೈ ಅಲ್ಲಿಗೆ ಹೋಗಲಿಲ್ಲ.

"ಹೋದ ಸಲ ನಿಮಗೆ ಹೇಳಿದ್ದು ಸುಳ್ಳು ಮೇಡಂ. ವಯಸ್ಸೂ ಸುಳ್ಳು, ಅರವತ್ತೊಂದು. ಜನವರಿಯಲ್ಲಿ ಹದಿಮೂರನೇ ಮೆಟ್ಟಿಲಲ್ಲಿ ಇವಳನ್ನು ಬೀಳಿಸ್ತಿದ್ದೆ. ನೀರು ಗೀರು ಏನೂ ಇರಲಿಲ್ಲ. ಇಸ್ತ್ರಿ ಅಂಗಡಿಯಾಕೆಗೆ ಎತ್ತೋದು ಹೇಳಿಕೊಟ್ಟವನು ನಾನು. ಆಕೆ ಆಸ್ಪತ್ರೆ ಮೆಟ್ಟಿಲಲ್ಲಿ ಬಿದ್ದು ಮಂಚ ಹಿಡಿದಿದ್ದಾಳೆ. ಇದನ್ನೂ ಬರೆದುಕೊಳ್ಳಿ." ಫಲಕವನ್ನು ಜವಾನನ ಕೈಗೆ ಕೊಟ್ಟೆ. "ಇದನ್ನು ಮೇಲಿಡಪ್ಪ. ರ‍್ಯಾಂಪು ಆದ ದಿನ ನಾನೇ ಬಂದು ತಗೋತೀನಿ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಸ ಗುಡಿಸುವವನು ಮಾತ್ರ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ.

ಗುಬ್ಬಿ ಕುರ್ಚಿಯನ್ನು ಎರಡು ಮಾರು ಮುಂದೆ ತಂದಳು. "ಅಧ್ಯಕ್ಷರೇ, ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಜನ ಇಲ್ಲೇ ಇದ್ದೀವಿ. ಒಂಬತ್ತನೇ ವಿಷಯ ಇಲ್ಲೇ ತಗೊಳ್ಳಿ."

"ನಿಯಮದ ಪ್ರಕಾರ ಸಭೆ ಸಭಾಂಗಣದಲ್ಲೇ..." ಅಂತ ಜೇನುಬಾಯಿ ಶುರು ಮಾಡಿದರು.

ಅಧ್ಯಕ್ಷರು ಹಣೆ ಒರೆಸಿಕೊಂಡು ಮೆಟ್ಟಿಲ ಕಡೆ ನೋಡಿದರು. ಮೇಲಿನವರೆಗೂ ನೋಡಿದರು. "ನಿಯಮದ ಪುಸ್ತಕ ಮೇಲಿದೆ. ನೀವು ಹೋಗಿ ತರ್ತೀರಾ, ನಾನು ಹೋಗಲಾ?" ಅಂದರು.

ಜೇನುಬಾಯಿ ಒಂದು ತಿದ್ದುಪಡಿ ತಂದರು. ಈಗ ನಗರಸಭೆಯ ಕಟ್ಟಡಕ್ಕೆ ಮಾತ್ರ, ಉಳಿದದ್ದೆಲ್ಲ ಮುಂದಿನ ನಗರಸಭೆಗೆ. ಗುಬ್ಬಿ ತೊಡೆಯ ಮೇಲಿದ್ದ ಫೈಲು ತೆರೆದಳು, ಮುಚ್ಚಿದಳು. "ಆಗಲಿ" ಅಂದಳು. ಹದಿನೈದು ಪರ, ಹದಿಮೂರು ವಿರೋಧ. ಪಾಸು.

ಅವಳ ನಾಲ್ಕು ವರ್ಷ ಬಿಸಿಲಲ್ಲೇ ಐದು ನಿಮಿಷದಲ್ಲಿ ಮುಗಿಯಿತು.

ಕಾರಿನಲ್ಲಿ ನಾನು ಖುಷಿಯಿಂದ ಏನೇನೋ ಹೇಳುತ್ತಿದ್ದೆ. ಅವಳು, "ಆಸ್ಪತ್ರೆ ಹೋಯ್ತು ಮಾವ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಶಾಲೆಗಳೂ ಹೋದವು."

"ಒಂದು ಸಿಕ್ಕಿತಲ್ಲ ಗುಬ್ಬಿ."

"ಹೂಂ. ಒಂದು." ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದಳು. ನಿದ್ದೆ ಬಂತು ಅಂದುಕೊಂಡೆ. ಮನೆ ಹತ್ತಿರ ಬಂದಾಗ, "ನಾಳೆ ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ಕಾಲು ತೋರಿಸ್ತೀಯ, ಬಾಯಿ ತೆಗೆಯಲ್ಲ" ಅಂದಳು.

ಮಾರ್ಚ್ 21, ಶುಕ್ರವಾರ

ಕ್ಷೌರದಂಗಡಿಯಲ್ಲಿ ಎಲ್ಲ ಕೇಳಿದರು. ಅದೆಲ್ಲ ನಾಟಕ ಕಣ್ರೋ, ಠರಾವು ಪಾಸು ಮಾಡಿಸೋಕೆ ಹೂಡಿದ ಆಟ ಅಂದೆ. ನಂಬಿದರು. ಮೊಣಕಾಲು ಚೆನ್ನಾಗೇ ಇದೆ. ಡಾಕ್ಟರು ಏನೋ ಹೇಳಿದರು, ಅವರ ವಯಸ್ಸು ಮೂವತ್ತು. ಅಕ್ಕ ಒಂದು ಊರುಗೋಲು ತಂದು ಬಾಗಿಲ ಹಿಂದೆ ಇಟ್ಟಿದ್ದಾಳೆ. ನಾಯಿ ಓಡಿಸಲು ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ಏಪ್ರಿಲ್ 5, ಶನಿವಾರ

ಅವಧಿ ಮುಗಿಯಿತು. ನಗರಸಭೆಯ ಗುಮಾಸ್ತ ಮನೆಗೆ ಬಂದು ಗುರುತಿನ ಚೀಟಿ ವಾಪಸ್ ತೆಗೆದುಕೊಂಡು ಹೋದ. ಅವನು ಹೋದ ಹತ್ತು ನಿಮಿಷಕ್ಕೆ ಹಜಾರದಲ್ಲಿ ಕಣ್ಣು ಕಾಣದ ದರ್ಜಿ ಅರ್ಜಿ ಹಿಡಿದು ಕೂತಿದ್ದ. "ನಮ್ಮವಳು ಈಗ ಸದಸ್ಯೆ ಅಲ್ಲಪ್ಪ" ಅಂದೆ. "ನನಗೆ ಕಾಣಲ್ಲ ಯಜಮಾನ್ರೇ, ನನಗೆ ಅವತ್ತೂ ಇವತ್ತೂ ಒಂದೇ" ಅಂದ. ಗುಬ್ಬಿ ಒಳಗಿನಿಂದ ನಕ್ಕಳು. ಎಷ್ಟು ದಿನವಾಗಿತ್ತು.

ಪೇಟೆಯಲ್ಲಿ ಒಂದು ಅಳತೆ ಟೇಪು ಕೊಂಡೆ. ಆಸ್ಪತ್ರೆ ಮೆಟ್ಟಿಲಿನ ಗೇಣಿನ ಲೆಕ್ಕವನ್ನು ಅರ್ಜಿಯಲ್ಲಿ ಬರೆದರೆ ಎಂಜಿನಿಯರು ನಗುತ್ತಾನಂತೆ.

ಸೆಪ್ಟೆಂಬರ್ 16, ಮಂಗಳವಾರ

ಡೈರಿ ಬರೆದು ಬಹಳ ದಿನವಾಯಿತು. ಇವತ್ತು ಬೆಂಚಿನ ಮೇಲೆ ಕೂತಿದ್ದೇನೆ, ನಗರಸಭೆಯ ಬಾಗಿಲ ಹತ್ತಿರದ ಅದೇ ಬೆಂಚು. ಫಲಕ ಪಕ್ಕದಲ್ಲಿದೆ. ಜವಾನ ಅದನ್ನು ಇಷ್ಟು ದಿನ ಕಿಟಕಿ ಮುಚ್ಚದ ಹಾಗೆ ಅಡ್ಡ ಕೊಟ್ಟಿದ್ದನಂತೆ. ಒಂದು ಮೂಲೆ ನಗ್ಗಿದೆ.

ರ‍್ಯಾಂಪು ಮುಗಿದಿದೆ. ಕಟ್ಟಡದ ಬಲಪಕ್ಕಕ್ಕೆ, ನೂರ ಹದಿನಾಲ್ಕು ಅಡಿ, ನಡುವೆ ಎರಡು ತಿರುವು. ಟೇಪು ಹಿಡಿದು ನಾನೇ ಅಳೆದೆ, ಒಂದು ಗೇಣೂ ಕಡಿಮೆ ಮಾಡಿಲ್ಲ. ಉದ್ಘಾಟನೆ ಹೋದ ವಾರ ಆಯಿತು, ಜೇನುಬಾಯಿ ರಿಬ್ಬನ್ ಕತ್ತರಿಸಿದರಂತೆ. ನಮ್ಮನ್ನು ಕರೆದಿರಲಿಲ್ಲ. ನಾವು ಇವತ್ತು ಆಸ್ಪತ್ರೆಯ ಅರ್ಜಿ ಕೊಡಲು ಬಂದೆವು. ಮೊದಲ ಸಹಿ ಇಸ್ತ್ರಿ ಅಂಗಡಿಯಾಕೆಯದು, ಮಂಚದಲ್ಲೇ ಕೂತು ಹಾಕಿದ್ದು.

ಗುಬ್ಬಿ ಚಕ್ರ ತಾನೇ ತಳ್ಳಿಕೊಂಡು ಮುಂದೆ ಹೊರಟಳು. ಮಡಿಲಲ್ಲಿ ಫೈಲು. ನಾನು ಕೋಲು ಹಿಡಿದು ಹಿಂದೆ. ಕೈಗೆ ಕೆಲಸವೇ ಇರಲಿಲ್ಲ. ಅವಳ ಬೆನ್ನನ್ನು ನಾನು ಹಿಂದಿನಿಂದ ನೋಡಿದ್ದೇ ಕಡಿಮೆ. ನೆಟ್ಟಗಿದೆ.

ಎರಡನೇ ತಿರುವಿನಲ್ಲಿ ಅವಳು ಕುರ್ಚಿ ನಿಲ್ಲಿಸಿದಳು. ಅಲ್ಲಿ ಏನೂ ಇಲ್ಲ, ಸುಣ್ಣ ಹೊಡೆದ ಗೋಡೆ ಮಾತ್ರ. ಆ ಗೋಡೆಯನ್ನೇ ನೋಡುತ್ತಾ, "ಮಾವ, ಆ ಮೂಗಿನ ಅಧ್ಯಕ್ಷರು ಒಂದು ದಿನ ಈ ಗೋಡೆ ಹತ್ತಿರ ಬಂದಿದ್ದರಂತೆ, ಗೊತ್ತಾ?" ಅಂದಳು. ಆಮೇಲೆ ಒಂದು ಕಥೆ ಹೇಳಿದಳು. ಅಧ್ಯಕ್ಷರು ಕಳೆದುಹೋದ ಮೂಗು ಹುಡುಕಿಕೊಂಡು ಊರೆಲ್ಲ ಅಲೆದದ್ದು, ಅದು ಯಾರದೋ ವಿಷಯದಲ್ಲಿ ತೂರಿಕೊಂಡು ಸಿಕ್ಕಿದ್ದು. ಕಾಲು ಭಾಗ ನನ್ನದೇ ಕಥೆ, ಉಳಿದದ್ದು ಅವಳು ಅಲ್ಲೇ ಕಟ್ಟಿದ್ದು. ಕಟ್ಟೋದು ಇನ್ನೂ ಸರಿಯಾಗಿ ಬರೋದಿಲ್ಲ ಅವಳಿಗೆ, ಎಳೆದೂ ಎಳೆದೂ ಹೇಳಿದಳು. ಒಂದು ಸಲ ಕೈಗಡಿಯಾರವನ್ನೂ ನೋಡಿಕೊಂಡಳು.

ನನಗೇನೂ ಸುಸ್ತಾಗಿರಲಿಲ್ಲ. ಹೇಳುತ್ತಿರುವವಳನ್ನು ನಡುವೆ ನಿಲ್ಲಿಸಬಾರದು ಅಂತ, ಗೋಡೆಗೆ ಒರಗಿ ಪೂರ್ತಿ ಕೇಳಿದೆ.